ಸಂಗ್ಯಾ ಬಾಳ್ಯಾದ ಪದಕಾರ

ಸಂಗೊಳ್ಳಿಯ ಹೆಸರೆತ್ತಿದೊಡನೆ ನಮಗೆ ನೆನಪಾಗುವವನು ರಾಯಣ್ಣ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಆ ವೀರನನ್ನು ಲಾವಣಿಕಾರರು ಜನರ ನಾಲಗೆಯ ಮೇಲೆ ಬದುಕಿಸಿದರು. ಅದೇ ಬೈಲಹೊಂಗಲ ಸೀಮೆಯ ಇನ್ನೊಬ್ಬ ಪದಕಾರರು ವೀರನಲ್ಲದವನ ಕಥೆಯನ್ನು ಹಾಡಾಗಿಸಿದರು. ಅವರೇ ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟವನ್ನು ಕಟ್ಟಿದ ಪತ್ತಾರ ಮಾಸ್ತರರು.

ದೊಡ್ಡಾಟಕ್ಕೆ ಪುರಾಣದ ವೈಭವ, ಕಿರೀಟ, ಭುಜಕೀರ್ತಿಗಳು ಬೇಕು. ಸಣ್ಣಾಟಕ್ಕೆ ನಿತ್ಯದ ಉಡುಪು ಸಾಕು. ದಪ್ಪಿನ ಗತ್ತಿಗೆ ಪಾತ್ರಧಾರಿ ಪದವನ್ನೆತ್ತುತ್ತಾನೆ. ಹಿಮ್ಮೇಳದವರು ಅದನ್ನು ಮರಳಿ ಹಾಡುತ್ತಾರೆ. ಕಥೆ ಸಾಗುವುದು ಪದಗಳ ಮೇಲೆ. ಆದುದರಿಂದ ಇಲ್ಲಿ ಪದ ಬರೆದವರೇ ನಾಟಕಕಾರರು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದು ಈ ಆಟಕ್ಕೆ ಮೂಲವೆಂಬುದು ಪ್ರಸಿದ್ಧ. ವ್ಯಾಪಾರಿ ಈರ್ಯಾನ ಮಡದಿ ಗಂಗಿಯನ್ನು ಸಂಗ್ಯಾ ಮೋಹಿಸುತ್ತಾನೆ, ಗೆಳೆಯ ಬಾಳ್ಯಾ ಅವನ ಬೆನ್ನಿಗಿದ್ದು, ಕಡೆಗೆ ದ್ರೋಹ ಬಗೆಯುತ್ತಾನೆ, ಸಂಗ್ಯಾ ಹತನಾಗುತ್ತಾನೆ. ನೆರೆಹೊರೆಯವರಿಗೆಲ್ಲ ಗೊತ್ತಿದ್ದ ಕಥೆಯ ಕೊನೆಯಲ್ಲಿ ಕುತೂಹಲವೇನು ಉಳಿದೀತು? ಆದರೂ ಜನ ಬೆಳಗಿನವರೆಗೆ ಕುಳಿತು ಕೇಳಿದರು.

ನನ್ನ ಮಟ್ಟಿಗೆ ಪತ್ತಾರ ಮಾಸ್ತರರ ಹಿರಿಮೆಯೆಲ್ಲ ಇಲ್ಲಿದೆ. ಊರು ಪಿಸುಮಾತಿನಲ್ಲಿ ತೀರ್ಪು ಹೇಳಿ ಮುಗಿಸಿದ್ದ ಪ್ರಕರಣವನ್ನು ಅವರು ಮತ್ತೆ ವಿಚಾರಣೆಗೆ ತೆರೆದರು. ಮೋಹಿಸಿದವನಿಗೂ ಪದವುಂಟು, ಸೋತ ಗಂಗಿಗೂ ಪದವುಂಟು, ಮನೆ ಮುರಿದ ಗಂಡನಿಗೂ ಪದವುಂಟು. ಒಬ್ಬೊಬ್ಬರ ಹಾಡು ಕೇಳುವಾಗಲೂ ಅವರ ಸಂಕಟ ನಮ್ಮದಾಗುತ್ತದೆ; ನ್ಯಾಯ ಹೇಳಹೊರಟ ನಾಲಗೆ ತಡವರಿಸುತ್ತದೆ. ತಪ್ಪನ್ನು ತಪ್ಪೆಂದೇ ತೋರಿಸಿ, ತಪ್ಪಿದವರನ್ನು ಮನುಷ್ಯರಾಗಿಯೇ ಉಳಿಸುವುದು ಸಾಮಾನ್ಯ ಕವಿಗೆ ಸಾಧ್ಯವಾಗುವ ಕೆಲಸವಲ್ಲ. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ದೇವರ ಮನೆಯ ಸವತಿ ಮತ್ಸರವನ್ನು ಬಯಲಿಗೆ ತಂದರೆ, ಪತ್ತಾರ ಮಾಸ್ತರರು ನೆರೆಮನೆಯ ಬಾಗಿಲನ್ನೇ ತೆರೆದರು.

ಮೇಳದಿಂದ ಮೇಳಕ್ಕೆ, ಬಾಯಿಂದ ಬಾಯಿಗೆ ಈ ಪದಗಳು ಹರಿದುಬಂದವು. ಚಂದ್ರಶೇಖರ ಕಂಬಾರರು ಆಟವನ್ನು ಸಂಪಾದಿಸಿ ಓದುಗರಿಗೆ ಒದಗಿಸಿದರು, ಅದು ನಗರದ ರಂಗಕ್ಕೂ ಬಂದಿತು, 1992ರಲ್ಲಿ ಚಲನಚಿತ್ರವಾಯಿತು. ಸಂಗ್ಯಾ, ಬಾಳ್ಯಾ, ಗಂಗಿ ನಾಡಿಗೆಲ್ಲ ಪರಿಚಿತರಾದರು. ಅವರಿಗೆ ಮಾತು ಕೊಟ್ಟವರು ಮಾತ್ರ ಹಿಂದೆ ಉಳಿದರು.

‘ಜನಪದ’ವೆಂದೊಡನೆ ಕರ್ತೃವೇ ಇಲ್ಲವೆಂದು ಭಾವಿಸುವ ರೂಢಿ ನಮ್ಮ ತರಗತಿಗಳಲ್ಲಿದೆ. ಜನ ಹಾಡಿ ಬೆಳೆಸಿದ್ದು ನಿಜ. ಮೊದಲು ಕಟ್ಟಿದವರೊಬ್ಬರು ಇದ್ದರೆಂಬುದೂ ಅಷ್ಟೇ ನಿಜ. ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಕನ್ನಡದ ಸಾಮಾಜಿಕ ನಾಟಕದ ಮಾತು ಬಂದಾಗ, ಅಧ್ಯಾಪಕರು ಪತ್ತಾರ ಮಾಸ್ತರರ ಹೆಸರನ್ನೂ ಕರಿಹಲಗೆಯ ಮೇಲೆ ಬರೆಯಲಿ. ಆ ಸಾಲಿನಲ್ಲಿ ಅವರ ಸ್ಥಾನ ಮುಂದಿನದು.