ಸಣ್ಣ ವಿಮಾನದ ದೂರ ಪಯಣ: ನೀರು ಮೊದಲು, ತಿಂಡಿ ಆಮೇಲೆ

ಈಚೆಗೆ ನಮ್ಮ ಕ್ಲಿನಿಕ್ಕಿಗೆ ಒಬ್ಬ ತಾಯಿ ಬಂದಿದ್ದರು. ಮಗ ವಿದೇಶದಲ್ಲಿ ಪೈಲಟ್ ತರಬೇತಿಯಲ್ಲಿದ್ದಾನೆ. ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಒಬ್ಬನೇ ನೂರಾರು ಕಿಲೋಮೀಟರ್ ಹಾರಬೇಕಂತೆ. ‘ದಾರಿಗೆ ಇರಲಿ ಅಂತ ಚಕ್ಕುಲಿ, ಕೋಡುಬಳೆ ಕಳಿಸಿದ್ದೇನೆ ಡಾಕ್ಟ್ರೇ, ಇನ್ನೇನು ಹೇಳಲಿ?’ ಎಂದರು. ‘ನೀರು ಇಟ್ಟುಕೊಳ್ಳಲು ಹೇಳಿ’ ಎಂದೆ.

‘ದಿ ಲಿಟ್ಲ್ ಪ್ರಿನ್ಸ್’ ಬರೆದ ಫ್ರೆಂಚ್ ಲೇಖಕ ಸೇಂಟ್ ಎಕ್ಸುಪೆರಿ ಪೈಲಟ್ ಕೂಡ ಆಗಿದ್ದರು. 1935ರ ಡಿಸೆಂಬರ್ 30ರಂದು ಪ್ಯಾರಿಸ್‌ನಿಂದ ಸೈಗಾನ್‌ಗೆ ಹೊರಟಿದ್ದ ಅವರ ವಿಮಾನ ಲಿಬಿಯನ್ ಮರುಭೂಮಿಯಲ್ಲಿ ನೆಲಕ್ಕಪ್ಪಳಿಸಿತು. ಅವರೂ ಮೆಕ್ಯಾನಿಕ್ ಪ್ರೆವೋ ಅವರೂ ಬದುಕುಳಿದರು. ಆದರೆ ಇದ್ದ ಕಾಫಿ, ವೈನ್, ಹಣ್ಣು ಒಂದು ದಿನಕ್ಕೂ ಸಾಲಲಿಲ್ಲ. ಬಾಯಾರಿ, ಇಲ್ಲದ್ದೆಲ್ಲ ಕಣ್ಣಿಗೆ ಕಾಣತೊಡಗಿತು. ನಾಲ್ಕನೆಯ ದಿನ ಒಬ್ಬ ಬೆಡೂಯಿನ್ ಕಂಡು ಕಾಪಾಡಿದ.

ಅನ್ನವಿಲ್ಲದೆ ಆರೋಗ್ಯವಂತರು ವಾರಗಟ್ಟಲೆ ಬದುಕಬಲ್ಲರು. ಬಿರುಬಿಸಿಲಿನಲ್ಲಿ ನೀರಿಲ್ಲದೆ ಎರಡು ಮೂರು ದಿನವೂ ಕಷ್ಟ. ಉಪ್ಪು ತಿಂಡಿ ದಾಹವನ್ನು ಇನ್ನೂ ಹೆಚ್ಚಿಸುತ್ತದೆ.

ಹೊರಡುವ ಮುನ್ನ

ಶೀತವಾಗಿ ಮೂಗು ಕಟ್ಟಿದ್ದರೆ ಹಾರಾಟ ಮುಂದೂಡಿ; ಇಳಿಯುವಾಗ ಕಿವಿ ವಿಪರೀತ ನೋಯುತ್ತದೆ. ಶೀತದ ಹಲವು ಮಾತ್ರೆಗಳು ತೂಕಡಿಕೆ ತರುತ್ತವೆ. ರಾತ್ರಿ ಚೆನ್ನಾಗಿ ನಿದ್ರಿಸಿ. ಮೂತ್ರಕ್ಕೆ ಹೋಗಲು ಜಾಗವಿಲ್ಲವೆಂದು ನೀರು ಕುಡಿಯದೆ ಹೊರಡಬೇಡಿ.

ಹಾರುವಾಗ

ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಒಳಗಿನ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇರುವುದಿಲ್ಲ. 10,000 ಅಡಿ ದಾಟಿದರೆ ಆಮ್ಲಜನಕದ ಕೊರತೆ ಬುದ್ಧಿಯನ್ನು ಮಂಕಾಗಿಸುತ್ತದೆ. ಕುಡಿದವರಂತೆ, ತಮಗೆ ಏನೂ ಆಗಿಲ್ಲವೆಂದೇ ಅನಿಸುತ್ತದೆ! ಹೀಟರ್ ಹಾಕಿದಾಗ ತಲೆನೋವು, ವಾಕರಿಕೆ, ಮಂಪರು ಬಂದರೆ ಎಂಜಿನ್ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಒಳಬಂದಿರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೀಟರ್ ಆರಿಸಿ, ಹೊರಗಾಳಿ ಬಿಟ್ಟು, ಬೇಗ ಇಳಿಯಿರಿ.

ಅನಿರೀಕ್ಷಿತವಾಗಿ ಇಳಿಯಬೇಕಾದರೆ

ಮೊದಲು ವಿಮಾನದಿಂದ ದೂರ ಸರಿಯಿರಿ. ಬೆಂಕಿಯ ಭಯವಿಲ್ಲವೆಂದು ಖಚಿತವಾದ ಮೇಲೆ ಮರಳಿ ಬನ್ನಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಗಾಯವನ್ನು ಬಿಡದೆ ಒತ್ತಿಹಿಡಿಯಿರಿ. ವಿಮಾನದ ಬಳಿಯೇ ಇರಿ. ಮೇಲಿನಿಂದ ಹುಡುಕುವವರಿಗೆ ಮನುಷ್ಯನಿಗಿಂತ ವಿಮಾನ ಬೇಗ ಕಾಣುತ್ತದೆ. ಹಗಲು ನೆರಳಿನಲ್ಲಿ ಕುಳಿತು ಬೆವರು ಉಳಿಸಿ. ಬಾಯಾರಿದಾಗ ನೀರು ಕುಡಿಯಿರಿ; ಸೀಸೆಯಲ್ಲಿ ನೀರಿಟ್ಟುಕೊಂಡು ಕುಸಿದುಬಿದ್ದರೆ ಏನು ಫಲ? ಸಮುದ್ರದ ನೀರು, ಮೂತ್ರ ಕುಡಿಯಬಾರದು. ರಾತ್ರಿಯ ಚಳಿಗೆ ಬರಿನೆಲದ ಮೇಲೆ ಮಲಗದೆ ಏನಾದರೂ ಹಾಸಿಕೊಳ್ಳಿ.

ಸೀಟಿಯನ್ನೂ ಪುಟ್ಟ ಕನ್ನಡಿಯನ್ನೂ ಉಪಗ್ರಹಕ್ಕೆ ಸಂಕೇತ ಕಳಿಸುವ 406 ಮೆಗಾಹರ್ಟ್ಸ್ ಬೀಕನ್ನನ್ನೂ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಹಿಂದಿನ ಸೀಟಿನ ಚೀಲ ಕೈಗೆ ಸಿಗದೇ ಹೋಗಬಹುದು. ನೀರಿನ ಮೇಲೆ ಹಾರುವುದಾದರೆ ಲೈಫ್ ಜಾಕೆಟ್ ತೊಟ್ಟೇ ಹೊರಡಿ. ವಿಮಾನದೊಳಗೆ ಮಾತ್ರ ಅದಕ್ಕೆ ಗಾಳಿ ತುಂಬಬೇಡಿ.

ಮನೆಯವರಿಗೂ ಒಂದು ಕೆಲಸವಿದೆ. ಮಗ ಫೋನ್ ಮಾಡಿದಾಗ ‘ಊಟ ಆಯ್ತೇನಪ್ಪಾ?’ ಎಂದು ಕೇಳಿಯೇ ಕೇಳುತ್ತೀರಿ. ಜೊತೆಗೆ ‘ಯಾವ ದಾರಿ? ಎಷ್ಟು ಹೊತ್ತಿಗೆ ಇಳಿಯುತ್ತೀ? ಅಲ್ಲಿ ಯಾರಿಗೆ ಹೇಳಿದ್ದೀ?’ ಎಂದೂ ಕೇಳಿ. ಎಲ್ಲಿ ಹುಡುಕಬೇಕೆಂದು ಯಾರಿಗಾದರೂ ಗೊತ್ತಿದ್ದರೆ ತಾನೇ ಚೀಲದಲ್ಲಿನ ನೀರು ಅವರು ಬರುವವರೆಗೆ ಸಾಕಾದೀತು!