ಡಿಸ್ಕಿಗೂ ಒಂದು ಜಮಾಬಂದಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ರೈತರಿಗೆ ‘ಉತಾರ’ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆಸಾಲಕ್ಕೂ ಅದೇ ಬೇಕು, ಹೊಲ ಮಾರಲಿಕ್ಕೂ ಅದೇ ಬೇಕು. ಕೈಬರಹದ ಈ ಪಹಣಿಗಳು ಕಂಪ್ಯೂಟರಿಗೆ ಸೇರಿದ್ದು 2000ದ ಆಸುಪಾಸಿನ ‘ಭೂಮಿ’ ಯೋಜನೆಯಿಂದ. ರಾಜ್ಯದ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳನ್ನು ಆಗ ಗಣಕಕ್ಕೆ ಏರಿಸಲಾಯಿತು. ಮೊದಲ ವರ್ಷಗಳಲ್ಲಿ ತಾಲ್ಲೂಕಿನ ದಾಖಲೆಯೆಲ್ಲ ತಹಸೀಲ್ದಾರ್ ಕಚೇರಿಯ ಸರ್ವರಿನಲ್ಲೇ ಇರುತ್ತಿತ್ತು. ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದದ್ದು ಆಮೇಲೆ. ಆದರೆ ಕಾಲೇಜಿನ ಲ್ಯಾಬಿನಂಥ ಕಡೆಗಳಲ್ಲಿ ಸಣ್ಣ ಸರ್ವರುಗಳು ಇನ್ನೂ ಊರಲ್ಲೇ ಕೆಲಸ ಮಾಡುತ್ತವೆ. ಆಲಮಟ್ಟಿಯಲ್ಲಿ 290 ಮೆಗಾವಾಟ್, ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಕೇಂದ್ರಗಳು ಇದೇ ಸೀಮೆಯಲ್ಲಿದ್ದರೂ ದೀಪದ ಬುಡದಲ್ಲಿ ಕತ್ತಲೆ ಎಂಬಂತೆ ಕರೆಂಟು ಹೇಳದೆ ಕೇಳದೆ ಹೋಗುವುದುಂಟು. ಅದು ಮರಳಿ ಬಂದಾಗ ಸರ್ವರ್ ಕೂಡಲೇ ಏಳುವುದಿಲ್ಲ. ‘ಡಿಸ್ಕ್ ಪರೀಕ್ಷಿಸಲಾಗುತ್ತಿದೆ’ ಎಂದು ಪರದೆಯ ಮೇಲೆ ತೋರಿಸಿ ಕುಳಿತುಬಿಡುತ್ತದೆ. ಬಾಗಿಲಲ್ಲಿ ಹುಡುಗರು ಕಾಯುತ್ತಿದ್ದಾರೆಂದು ಯಾರೋ ಒಬ್ಬರು ಸ್ವಿಚ್ ಆರಿಸಿ ಮತ್ತೆ ಹಾಕುತ್ತಾರೆ. ಕೆಲಸ ಕೆಡುವುದು ಅಲ್ಲಿಯೇ.

ಡಿಸ್ಕಿನಲ್ಲಿ ಒಂದು ಕಡತ ಬರೆಯುವುದು ಒಂದೇ ಏಟಿಗೆ ಮುಗಿಯುವ ಕೆಲಸವಲ್ಲ. ಖಾಲಿ ಜಾಗ ಹುಡುಕಿ ‘ತುಂಬಿದೆ’ ಎಂದು ಗುರುತು ಹಾಕಬೇಕು, ಮಾಹಿತಿ ಬರೆಯಬೇಕು, ಆ ಜಾಗ ಯಾವ ಕಡತದ್ದೆಂದು ನಮೂದಿಸಬೇಕು, ಕಡತದ ಹೆಸರನ್ನು ಪಟ್ಟಿಗೆ ಸೇರಿಸಬೇಕು. ನಡುವೆ ಕರೆಂಟು ಹೋಯಿತೆನ್ನಿ, ಲೆಕ್ಕ ಅರ್ಧಕ್ಕೆ ನಿಂತಿತು. ಒಂದೇ ಜಾಗವನ್ನು ಎರಡು ಕಡತಗಳು ತಮ್ಮದೆನ್ನಬಹುದು, ಒಂದೇ ಹೊಲಕ್ಕೆ ಇಬ್ಬರ ಹೆಸರಿನಲ್ಲಿ ಉತಾರ ಹುಟ್ಟಿದ ಹಾಗೆ. ಇಲ್ಲವೇ ಮಾಹಿತಿಯಿದ್ದೂ ಹೆಸರಿಲ್ಲದ ಅನಾಥ ಕಡತ ಉಳಿಯಬಹುದು. ಇದನ್ನೆಲ್ಲ ತಾಳೆ ನೋಡಿ ಸರಿಪಡಿಸುವ ತಂತ್ರಾಂಶಕ್ಕೆ ಲಿನಕ್ಸ್‌ನಲ್ಲಿ ‘ಎಫ್‌ಎಸ್‌ಸಿಕೆ’, ವಿಂಡೋಸ್‌ನಲ್ಲಿ ‘ಚೆಕ್‌ಡಿಸ್ಕ್’ ಎಂದು ಹೆಸರು. ವ್ಯಾಪಾರ ನಡೆಯುತ್ತಿರುವಾಗ ಅಂಗಡಿಯ ದಾಸ್ತಾನು ಎಣಿಸಲು ಬರುತ್ತದೆಯೇ? ಹಾಗೆಯೇ ಬರವಣಿಗೆ ನಡೆಯುವ ಡಿಸ್ಕಿನಲ್ಲಿ ದುರಸ್ತಿ ಮಾಡಿದರೆ ಇದ್ದದ್ದೂ ಕೆಡುತ್ತದೆ. ಸರ್ವರ್ ಏಳುವ ಹೊತ್ತಿಗೇ ಈ ಪರೀಕ್ಷೆ ನಡೆಯುವುದು ಅದಕ್ಕಾಗಿ.

1993ರಲ್ಲಿ ಬಂದ ‘ಇಎಕ್ಸ್‌ಟಿ2’ ವ್ಯವಸ್ಥೆಯಲ್ಲಿ ಕರೆಂಟು ಹೋದರೆ ಇಡೀ ಡಿಸ್ಕನ್ನೇ ಜಾಲಾಡಬೇಕಾಗುತ್ತಿತ್ತು. 2001ರಲ್ಲಿ ಲಿನಕ್ಸ್‌ಗೆ ಸೇರಿದ ‘ಇಎಕ್ಸ್‌ಟಿ3’ ನಮ್ಮ ಪೇಟೆಯ ವರ್ತಕರಿಗೆ ಚೆನ್ನಾಗಿ ಗೊತ್ತಿರುವ ಉಪಾಯವನ್ನೇ ಹಿಡಿಯಿತು: ಮೊದಲು ಕಿರ್ದಿಯಲ್ಲಿ ಬರೆ, ನಂತರ ಖಾತೆಗೆ ಏರಿಸು. ಎದ್ದ ಮೇಲೆ ಕಿರ್ದಿಯ ಕೊನೆಯ ಪುಟಗಳನ್ನಷ್ಟೇ ನೋಡಿದರೆ ಸಾಕು, ಕೆಲವೇ ಕ್ಷಣಗಳ ಕೆಲಸ. ಹಾಗೆಂದು ಪೂರ್ತಿ ಪರೀಕ್ಷೆ ಬೇಡವೆಂದಲ್ಲ. ಡಿಸ್ಕೇ ಸವೆದಿದ್ದರೆ, ಮೆಮೊರಿ ಚಿಪ್ ಕೆಟ್ಟಿದ್ದರೆ ತಪ್ಪು ಲೆಕ್ಕ ಕಿರ್ದಿಯ ಕಣ್ಣಿಗೆ ಬೀಳುವುದಿಲ್ಲ. ಹಿಂದೆ ನಿಗದಿತ ಸಂಖ್ಯೆಯ ಬಾರಿ ಬಳಸಿದ ಮೇಲೆ ಅಥವಾ 180 ದಿನ ಕಳೆದ ಮೇಲೆ ತಾನಾಗಿಯೇ ಪೂರ್ತಿ ಪರೀಕ್ಷೆ ನಡೆಯುತ್ತಿತ್ತು. ಪ್ರಾಯೋಗಿಕ ಪರೀಕ್ಷೆಯ ದಿನವೇ ಅದರ ಸರದಿ ಬಂದರೆ ಗತಿಯೇನು? 2011ರಿಂದೀಚಿನ ತಂತ್ರಾಂಶ ಹೊಸ ಡಿಸ್ಕುಗಳಿಗೆ ಈ ನಿಯಮ ಹಾಕುವುದನ್ನು ಬಿಟ್ಟಿದೆ. ಪರಿಣಾಮ, ವರ್ಷಗಟ್ಟಲೆ ಪೂರ್ತಿ ತಪಾಸಣೆ ಕಾಣದ ಡಿಸ್ಕುಗಳು. ಮೊದಲಿನ ಪೀಕಲಾಟಕ್ಕಿಂತ ಇದು ವಾಸಿಯೆಂದು ನನಗೇನೂ ಅನ್ನಿಸುವುದಿಲ್ಲ.

ಕಂದಾಯದ ಜಮಾಬಂದಿಗೆ ದಿನ ಗೊತ್ತುಮಾಡುವಂತೆ ಡಿಸ್ಕಿಗೂ ಒಂದು ದಿನ ಗೊತ್ತುಮಾಡುವುದು ಜಾಣತನ. ಭಾನುವಾರವೋ ಬೇಸಿಗೆ ರಜೆಯೋ ಆದರೆ ಅನುಕೂಲ. ‘ಟ್ಯೂನ್2ಎಫ್‌ಎಸ್’ ಎಂಬ ಆದೇಶದಿಂದ ಅವಧಿ ನಿಗದಿ ಮಾಡಬಹುದು. ಯಾವ ಡಿಸ್ಕು ಮೊದಲು ಎಂಬುದನ್ನು ‘ಎಫ್‌ಎಸ್‌ಟ್ಯಾಬ್’ ಕಡತದ ಆರನೆಯ ಅಂಕಣ ಹೇಳುತ್ತದೆ: ಮೂಲ ವಿಭಾಗಕ್ಕೆ 1, ಉಳಿದವಕ್ಕೆ 2, ಪರೀಕ್ಷೆ ಬೇಡವಾದರೆ 0. ಸರ್ವರ್ ಬೇಗ ಏಳಲೆಂದು ಎಲ್ಲಕ್ಕೂ 0 ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ಅದು ಗಡಿಯಾರದ ಮುಳ್ಳು ತಿರುಗಿಸಿ ಹೊತ್ತು ಉಳಿಸಿದಂತೆ.

ಪೋಷಕರಿಗೊಂದು ಮಾತು. ಮನೆಯ ಕಂಪ್ಯೂಟರಿಗೆ ಯುಪಿಎಸ್ ಬೇಕೆಂದು ಮಕ್ಕಳು ಕೇಳಿದರೆ ದುಂದುವೆಚ್ಚವೆಂದು ತಳ್ಳಿಹಾಕಬೇಡಿ. ಹತ್ತು ನಿಮಿಷದ ಬ್ಯಾಟರಿ ಇದ್ದರೂ ಕ್ರಮವಾಗಿ ಮುಚ್ಚಲು ಸಾಕು.

ಈ ಪರೀಕ್ಷೆ ಲೆಕ್ಕದ ಚೌಕಟ್ಟನ್ನು ಸರಿಪಡಿಸುತ್ತದೆಯೇ ಹೊರತು ಕಳೆದ ಮಾಹಿತಿಯನ್ನು ಹುಟ್ಟಿಸುವುದಿಲ್ಲ. ಹೀಗಾಗಿ ಪ್ರತಿಯೊಂದು ಬೇರೆಡೆ ಇರಲೇಬೇಕು. ಡಿಸ್ಕು ಟಕಟಕ ಸದ್ದು ಮಾಡುತ್ತಿದ್ದರೆ ಮೊದಲು ನಕಲು, ಆಮೇಲೆ ದುರಸ್ತಿ. ಪರದೆಯ ಪ್ರಶ್ನೆಗಳಿಗೆಲ್ಲ ಕಣ್ಣುಮುಚ್ಚಿ ‘ಹೌದು’ ಒತ್ತುವುದು ಬೇಡ. ದುರಸ್ತಿ ಮುಗಿದ ಮೇಲೆ ‘ಲಾಸ್ಟ್ ಅಂಡ್ ಫೌಂಡ್’ ಎಂಬ ಫೋಲ್ಡರ್ ತೆರೆದು ನೋಡಿ. ಹೆಸರು ಕಳೆದುಕೊಂಡ ಕಡತಗಳು ಬರಿಯ ಅಂಕಿಗಳ ಹೆಸರಿನಲ್ಲಿ ಅಲ್ಲಿ ಬಿದ್ದಿರುತ್ತವೆ. ಯಾರದೋ ವರ್ಷದ ಪ್ರಾಜೆಕ್ಟು ಅದರಲ್ಲಿರಬಹುದು.