ಕೆಂಪು ಮಣ್ಣು, ಗಡಸು ನೀರು ಮತ್ತು ಕಾರಿನ ಮ್ಯಾಟು

ಹೊಸಕೋಟೆ ತಾಲ್ಲೂಕಿನ ನಂದಗುಡಿ ಕಡೆಯ ಮಣ್ಣು ಕೆಂಪು. ರಾಗಿ ಹೊಲವಿರಲಿ, ಹಿಪ್ಪುನೇರಳೆ ತೋಟವಿರಲಿ, ಒಮ್ಮೆ ಕಾಲಿಟ್ಟು ಬಂದವರ ಚಪ್ಪಲಿಯೇ ಅವರು ಎಲ್ಲಿ ಹೋಗಿದ್ದರೆಂದು ಹೇಳಿಬಿಡುತ್ತದೆ. ಆ ಚಪ್ಪಲಿ ಕಾರು ಹತ್ತಿದಾಗ ಮಣ್ಣು ಉಳಿಯುವುದು ಬಟ್ಟೆಯ ಮ್ಯಾಟಿನಲ್ಲಿ. ಮನೆಯವರೇ ಓಡಾಡುವ ಕಾರಾದರೆ ಹೋಗಲಿ ಎನ್ನಬಹುದು. ಬಾಡಿಗೆ ಓಡಿಸಿ ಸಂಸಾರ ತೂಗಿಸುವವರಿಗೆ ಹಾಗೆನ್ನಲಾಗದು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಹತ್ತುವ ಪ್ರಯಾಣಿಕ ಸೀಟಿಗಿಂತ ಮೊದಲು ನೋಡುವುದು ಕಾಲಿಡುವ ಜಾಗವನ್ನು.

ರಜಾ ದಿನ ಬಂತೆಂದರೆ ಬಹುತೇಕ ಮನೆಗಳಲ್ಲಿ ನಡೆಯುವುದು ಒಂದೇ ಕ್ರಮ. ಮ್ಯಾಟನ್ನು ಹೊರಗೆಳೆದು, ಕಲ್ಲಿನ ಮೇಲೆ ಹಾಸಿ, ಪೈಪಿನ ನೀರು ಬಿಟ್ಟು, ಬಟ್ಟೆ ಸೋಪು ತಿಕ್ಕುವುದು. ಕಷ್ಟಪಟ್ಟು ತೊಳೆದ ಮ್ಯಾಟು ಹದಿನೈದು ದಿನಕ್ಕೆ ಮೊದಲಿಗಿಂತ ಹೆಚ್ಚು ಕೊಳೆಯಾಗಿರುತ್ತದೆ. ಮ್ಯಾಟು ಕಳಪೆ ಎಂದು ಅಂಗಡಿಯವನನ್ನು ಬೈಯುವ ಮೊದಲು ಮಣ್ಣಿನ ಗುಣವನ್ನೂ ನೀರಿನ ಗುಣವನ್ನೂ ಸ್ವಲ್ಪ ತಿಳಿಯುವುದು ಒಳ್ಳೆಯದು. ಶಾಲೆಯ ರಸಾಯನಶಾಸ್ತ್ರ ಇಲ್ಲಿ ಚೆನ್ನಾಗಿಯೇ ಉಪಯೋಗಕ್ಕೆ ಬರುತ್ತದೆ.

ಕೆಂಪು ಮಣ್ಣಿನಲ್ಲಿ ಮರಳಿನ ಜೊತೆಗೆ ಜೇಡಿಯೂ ಇರುತ್ತದೆ. ಜೇಡಿಯ ಕಣ ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತಲೂ ಸಣ್ಣದು. ಅದಕ್ಕೆ ಬಣ್ಣ ಕೊಡುವುದು ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕಿನ ಬಳಗದ್ದೇ ವಸ್ತು. ಒಣಗಿದ್ದಾಗ ಈ ಕಣಗಳು ಎಳೆಗಳ ನಡುವೆ ಸಡಿಲವಾಗಿ ಕೂತಿರುತ್ತವೆ. ನೀರು ಬಿದ್ದ ಕೂಡಲೇ ಕೆಸರಾಗಿ ಎಳೆಯ ಬುಡಕ್ಕೆ ಇಳಿದು ಅಂಟಿಕೊಳ್ಳುತ್ತವೆ. ಆದ್ದರಿಂದ ಮೊದಲ ಕೆಲಸ ನೀರಿನದಲ್ಲ, ಕೋಲಿನದು. ಮ್ಯಾಟನ್ನು ಹಗ್ಗದ ಮೇಲೆ ಹಾಕಿ ಹಿಂಬದಿಯಿಂದ ಬಡಿಯಬೇಕು. ದೂಳು ಉದುರುವುದು ನಿಲ್ಲುವವರೆಗೆ ಬಡಿಯಬೇಕು; ನಡುವೆ ಗಟ್ಟಿ ಬ್ರಷ್ಷಿನಿಂದ ಎಳೆಗಳನ್ನು ಎದುರು ದಿಕ್ಕಿಗೆ ಕೆದಕಬೇಕು. ಮಳೆಗಾಲದ ಹಸಿ ಕೆಸರಾದರೆ ಒಣಗುವ ತನಕ ಕಾಯುವುದೇ ಜಾಣತನ. ಈ ಬಡಿಯುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದರೆ ಅವರು ಬೇಡ ಎನ್ನುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿರಲಿ. ಉಬ್ಬಸವಿರುವ ಮಗುವನ್ನು ಮಾತ್ರ ದೂರ ಇಡಿ.

ಇನ್ನು ನೀರಿನ ವಿಷಯ. ಈ ಭಾಗದಲ್ಲಿ ಆಧಾರ ಕೊಳವೆಬಾವಿ. ಆಳದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುವುದರಿಂದ ಅದು ಗಡಸು. ಸೋಪು ಈ ಲವಣಗಳ ಜೊತೆ ಸೇರಿ ನೊರೆಯ ಬದಲು ಕರಗದ ಬಿಳಿ ಗಸಿಯಾಗುತ್ತದೆ. ನೋಡಬೇಕೆಂದರೆ ಎರಡು ಬಾಟಲಿ ಸಾಕು. ಒಂದರಲ್ಲಿ ಮಳೆ ನೀರು, ಇನ್ನೊಂದರಲ್ಲಿ ಬೋರಿನ ನೀರು. ಎರಡಕ್ಕೂ ಒಂದೇ ಅಳತೆಯ ಸೋಪಿನ ಚೂರು ಹಾಕಿ ಕುಲುಕಿ. ಮೊದಲನೆಯದರಲ್ಲಿ ನೊರೆ ಏಳುತ್ತದೆ, ಎರಡನೆಯದರಲ್ಲಿ ನೀರು ಮಬ್ಬಾಗುತ್ತದೆ. ಆ ಮಬ್ಬೇ ಮ್ಯಾಟಿನ ಎಳೆಗೆ ಹತ್ತಿ, ಒಣಗಿದ ಮೇಲೆ ಬಿರುಸಾಗಿ, ಹೊಸ ದೂಳನ್ನು ಹಿಡಿದಿಡುತ್ತದೆ. ಹದಿನೈದು ದಿನದ ಕೊಳೆಯ ಗುಟ್ಟು ಇದೇ.

ಹಾಗಾಗಿ ಸೋಪಿನ ಬದಲು ಡಿಟರ್ಜೆಂಟ್ ಪುಡಿ ಬಳಸಿ. ಅರ್ಧ ಬಕೆಟ್ ನೀರಿಗೆ ಒಂದು ಚಮಚ ಸಾಕು. ಹಿಂದಿನವರು ರೇಷ್ಮೆ ಸೀರೆಗೆ ಬಳಸುತ್ತಿದ್ದ ಅಂಟುವಾಳ ಕಾಯಿಯ ನೊರೆಯೂ ಆದೀತು. ನೊರೆಯನ್ನಷ್ಟೇ ಬ್ರಷ್ಷಿನಲ್ಲಿ ತೆಗೆದು ತಿಕ್ಕಿ, ಕೊನೆಯ ಜಾಲಾಟಕ್ಕೆ ಸಾಧ್ಯವಾದರೆ ಮಳೆ ನೀರು ಬಳಸಿ. ಹಿಂಡಿದ ನೀರು ತಿಳಿಯಾಗಿ ಬರುವವರೆಗೆ ಜಾಲಿಸುವುದು ಮುಖ್ಯ. ಸೋಪಿಗೆ ಖರ್ಚು ಮಾಡುವ ಉತ್ಸಾಹವನ್ನು ಜಾಲಿಸುವುದಕ್ಕೆ ಖರ್ಚು ಮಾಡಿದರೆ ಮ್ಯಾಟು ಹೆಚ್ಚು ದಿನ ಬಾಳುತ್ತದೆ.

ಉಳಿದ ಕೆಂಪು ಕಲೆಗೆ ಬ್ಲೀಚಿಂಗ್ ಪುಡಿ ಹಾಕುವವರಿದ್ದಾರೆ. ಅದು ಕೆಲಸ ಮಾಡುವುದು ಆಕ್ಸಿಡೀಕರಣದಿಂದ. ಕಬ್ಬಿಣ ಆಗಲೇ ಆಕ್ಸೈಡ್ ಆಗಿ ಕೂತಿದೆ. ಹೋಗುವುದು ಮ್ಯಾಟಿನ ಬಣ್ಣ, ಉಳಿಯುವುದು ಕಲೆ. ಇದಕ್ಕೆ ಬೇಕಾದದ್ದು ಹುಳಿ. ನಿಂಬೆ ರಸವನ್ನು ಮೊದಲು ಮೂಲೆಯಲ್ಲಿ ಪರೀಕ್ಷಿಸಿ, ಕಲೆಯ ಮೇಲೆ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ, ಪೂರ್ತಿ ಹೋಗದಿದ್ದರೂ ತಿಳಿಯಾಗುತ್ತದೆ. ಆದರೆ ಬ್ಲೀಚಿಂಗ್ ಪುಡಿ ಹಾಕಿದ ಮ್ಯಾಟಿಗೆ ನಿಂಬೆ ರಸವನ್ನಾಗಲಿ ಕಕ್ಕಸು ತೊಳೆಯುವ ಆಸಿಡ್ಡನ್ನಾಗಲಿ ಎಂದಿಗೂ ಹಾಕಬಾರದು. ಕ್ಲೋರಿನ್ ಅನಿಲ ಹೊರಟು ಶ್ವಾಸಕೋಶಕ್ಕೆ ಹಾನಿಯಾಗುತ್ತದೆ. ಮಕ್ಕಳು ಪ್ರಯೋಗವೆಂದು ಇದನ್ನು ಮಾಡದಂತೆ ಹಿರಿಯರು ಎಚ್ಚರ ವಹಿಸಬೇಕು. ಅಡುಗೆ ಸೋಡಾಕ್ಕೆ ವಿನಿಗರ್ ಬೆರೆಸುವ ಉಪಾಯದಲ್ಲಿ ಅಪಾಯವಿಲ್ಲ, ಪ್ರಯೋಜನವೂ ಅಷ್ಟಕ್ಕಷ್ಟೆ. ಕ್ಷಾರ, ಆಮ್ಲ ಎರಡೂ ಸೇರಿ ಒಂದನ್ನೊಂದು ಮುಗಿಸಿಕೊಳ್ಳುತ್ತವೆ. ಬುರುಗು ಮಾತ್ರ ನೋಡಲು ಚೆಂದ.

ಡೇರಿಗೆ ಹಾಲು ಒಯ್ಯುವ ಮನೆಗಳಲ್ಲಿ ಕ್ಯಾನು ತುಳುಕಿ ಮ್ಯಾಟಿಗೆ ಹಾಲು ಚೆಲ್ಲುವುದುಂಟು. ಬಿಸಿ ನೀರು ಹಾಕಿದರೆ ಹಾಲಿನ ಪ್ರೋಟೀನು ಎಳೆಯಲ್ಲೇ ಗಟ್ಟಿಯಾಗುತ್ತದೆ. ತಣ್ಣೀರಿನಲ್ಲಿ ತಕ್ಷಣ ತೊಳೆದು, ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ, ರಾತ್ರಿಯೆಲ್ಲ ಬಿಟ್ಟು ಕೊಡವಿದರೆ ವಾಸನೆ ತಗ್ಗುತ್ತದೆ.

ಒಣಗಿಸುವಾಗ ನೆರಳು, ಗಾಳಿ ಎರಡೂ ಬೇಕು. ಕಡು ಬಿಸಿಲಿಗೆ ಹಿಂಬದಿಯ ರಬ್ಬರು ಕ್ರಮೇಣ ಬಿರುಕು ಬಿಡುತ್ತದೆ. ಮೇಲ್ಭಾಗ ಒಣಗಿದಂತೆ ಕಂಡರೂ ಬುಡ ಹಸಿಯಿರಬಹುದು. ಹಳೆಯ ಪತ್ರಿಕೆಯ ಹಾಳೆಯಿಟ್ಟು ಒತ್ತಿದಾಗ ಹಾಳೆ ತೇವವಾದರೆ ಇನ್ನೂ ಒಂದು ದಿನ ಬಿಡಿ. ಹಸಿ ಮ್ಯಾಟು ಕಾರಿನೊಳಗೆ ಸೇರಿದರೆ ಬೂಷ್ಟು ಹಿಡಿಯುತ್ತದೆ, ಕಿಟಕಿ ಮುಚ್ಚಿ ಓಡಾಡುವವರು ಅದರದೇ ಗಾಳಿ ಕುಡಿಯಬೇಕಾಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. 2009ರ ಆಗಸ್ಟ್ 28ರಂದು ಅಮೆರಿಕದ ಸ್ಯಾನ್ ಡಿಯಾಗೊ ಬಳಿ ಒಂದು ಲೆಕ್ಸಸ್ ಕಾರು ಹಿಡಿತಕ್ಕೆ ಸಿಗದೆ ಅಪಘಾತವಾಗಿ, ಒಳಗಿದ್ದ ನಾಲ್ವರೂ ಸತ್ತರು. ಆ ಕಾರಿನಲ್ಲಿದ್ದದ್ದು ಬೇರೆ ಮಾದರಿಯ ವಾಹನದ ಮ್ಯಾಟು; ಆಕ್ಸಿಲರೇಟರ್ ಪೆಡಲ್ ಅದಕ್ಕೆ ಸಿಕ್ಕಿಕೊಂಡಿತ್ತು. ಅದಾದ ಮೇಲೆ ಟೊಯೊಟಾ ಕಂಪನಿ ಮ್ಯಾಟಿನ ಕಾರಣಕ್ಕಾಗಿಯೇ ಅಮೆರಿಕದಲ್ಲಿ ಸುಮಾರು 38 ಲಕ್ಷ ವಾಹನಗಳನ್ನು ವಾಪಸು ಕರೆಯಿತು.

ತೊಳೆದ ಮ್ಯಾಟನ್ನು ಹಿಂದಕ್ಕೆ ಹಾಕುವ ಕೆಲಸವನ್ನು ಮಕ್ಕಳಿಗೆ ಬಿಡದೆ, ಕಾರು ಓಡಿಸುವವರೇ ಮಾಡಬೇಕೆನ್ನುವುದು ಇದಕ್ಕಾಗಿ. ಚಾಲಕನ ಬದಿಯ ಮ್ಯಾಟಿನ ತೂತುಗಳು ನೆಲದ ಕೊಕ್ಕೆಗೆ ಸರಿಯಾಗಿ ಕೂರಬೇಕು. ಚೆನ್ನಾಗಿ ತೊಳೆದದ್ದು ಕೊಳೆಯಾಗದಿರಲಿ ಎಂದು ಅದರ ಮೇಲೆ ಇನ್ನೊಂದು ರಬ್ಬರ್ ಮ್ಯಾಟು ಹಾಸಬಾರದು. ತೊಳೆದು ಅಂಚು ಮಡಚಿಕೊಂಡಿದ್ದರೆ ಭಾರವಿಟ್ಟು ಚಪ್ಪಟೆ ಮಾಡಿದ ಮೇಲೆಯೇ ಹಾಕಬೇಕು. ಎಂಜಿನ್ ಆರಿಸಿರುವಾಗ ಮೂರೂ ಪೆಡಲ್‌ಗಳನ್ನು ಪೂರ್ತಿ ಒತ್ತಿ ಬಿಟ್ಟು ನೋಡಿ. ಮಾರನೆಯ ದಿನ ನಾಲ್ಕಾರು ಮೈಲಿ ಓಡಿಸಿ ಬಂದ ಮೇಲೆ, ಕಾರು ನಿಲ್ಲಿಸಿ, ಮ್ಯಾಟನ್ನು ಕೈಯಿಂದ ಮುಂದಕ್ಕೆ ದೂಡಿ. ಒಂದಿಷ್ಟು ಜರುಗಿದರೂ ಕೊಕ್ಕೆ ಹಿಡಿದಿಲ್ಲವೆಂದೇ ಅರ್ಥ. ತೆಗೆದು ಮತ್ತೆ ಕೂರಿಸಿ.